ಅರ್ಧಕ್ಕೆ ನಿಂತ ಅಂತ್ಯಕ್ರಿಯೆ

(ಈಸ್ಟರ್‌ಗೆ ಒಂದು ವಾರ ಮುಂಚೆ ನಮ್ಮ ಚರ್ಚಿನ ಹಾಲ್‌ನಲ್ಲಿ ಮಾತಾಡಿದ್ದನ್ನು ಬರೆದುಕೊಡಿ ಎಂದು ಕೆಲವರು ಕೇಳಿದರು. ಹೆಚ್ಚುಕಡಿಮೆ ಆಡಿದಂತೆಯೇ ಬರೆದಿದ್ದೇನೆ. ಅವತ್ತು ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೋದ ವರ್ಷ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಯೇಸುವಿನ ಸಮಾಧಿಯ ಚಿತ್ರ ಬರೆಯಿರಿ ಎಂದಿದ್ದೆ. ಏಳು ವರ್ಷದ ಒಬ್ಬ ಹುಡುಗಿ ನಮ್ಮ ಸ್ಮಶಾನದಲ್ಲಿ ಇರುವಂಥದ್ದನ್ನೇ ಬರೆದಳು. ಉದ್ದನೆಯ ಮಣ್ಣಿನ ದಿಬ್ಬ, ತಲೆಯ ಕಡೆ ಒಂದು ಶಿಲುಬೆ, ಪಕ್ಕದಲ್ಲಿ ದೊಡ್ಡ ಗುಂಡು ಕಲ್ಲು. ಬರೆದು ಮುಗಿಸಿ ನನ್ನನ್ನೇ ಕೇಳಿದಳು, "ಟೀಚರ್, ಕಲ್ಲು ಉರುಳಿಸಿದ್ರೆ ಏನಾಯ್ತು? ಮೇಲೆ ಮಣ್ಣು ಇದೆ ಅಲ್ವಾ?"

ಸರಿಯಾದ ಪ್ರಶ್ನೆ. ಸಮಾಧಿ ಅಂದ ಕೂಡಲೇ ನಮಗೆ ಕಾಣುವುದು ಆ ದಿಬ್ಬವೇ. ಯೇಸುವಿನ ಕಥೆ ಹೇಳುವ ಸುವಾರ್ತೆಗಳನ್ನು ಬರೆದ ಮತ್ತಾಯ, ಮಾರ್ಕ, ಲೂಕ, ಯೋಹಾನರ ಕಣ್ಣ ಮುಂದೆ ಇದ್ದದ್ದು ಬೇರೆ. ಅದನ್ನು ಅವರು ವಿವರಿಸಲಿಲ್ಲ, ಯಾಕೆಂದರೆ ಅವರ ಓದುಗರಲ್ಲಿ ಹೆಚ್ಚಿನವರಿಗೆ ಅದು ಗೊತ್ತಿತ್ತು. ಮದುವೆಯ ಸುದ್ದಿ ಹೇಳುವಾಗ ಧಾರೆ ಅಂದರೆ ಏನು ಎಂದು ನಾವು ಬಿಡಿಸಿ ಹೇಳುತ್ತೇವಾ? ಹಾಗೆಯೇ.

ಕೆಲವು ವರ್ಷಗಳ ಹಿಂದೆ ಯೆರೂಸಲೇಮಿಗೆ ಹೋಗಿದ್ದೆ. ಯೇಸುವಿನ ಸಮಾಧಿ ಇದೆ ಎನ್ನುವ ದೊಡ್ಡ ದೇವಾಲಯದಲ್ಲಿ ಜನ ಗಂಟೆಗಟ್ಟಲೆ ಸಾಲು ನಿಂತಿರುತ್ತಾರೆ. ಆ ಸಮಾಧಿ ಮಂಟಪದ ಹಿಂದುಗಡೆ ಸಿರಿಯನ್ ಕ್ರೈಸ್ತರ ಒಂದು ಸಣ್ಣ ಪ್ರಾರ್ಥನಾಲಯವಿದೆ. ಹೊಗೆಯಿಂದ ಕಪ್ಪಾದ ಗೋಡೆಗಳು. ಅಲ್ಲಿಗೆ ಹೋಗುವವರು ಕಡಿಮೆ. ಗೋಡೆಯಲ್ಲಿ ಒಂದು ತಗ್ಗಿನ ಬಾಯಿ ಇದೆ. ಬಗ್ಗಿ ಒಳಗೆ ಹೋಗಿ ಮೊಬೈಲ್ ಟಾರ್ಚ್ ಹಾಕಿದೆ. ಬಂಡೆಯಲ್ಲೇ ಕೊರೆದ ಗೂಡುಗಳು ಕಂಡವು. ಒಬ್ಬ ಮನುಷ್ಯನನ್ನು ಉದ್ದಕ್ಕೆ ಒಳಗೆ ತಳ್ಳುವಷ್ಟು ಜಾಗ, ಅಷ್ಟೇ. ಹೀಬ್ರೂವಿನಲ್ಲಿ ಇದಕ್ಕೆ ಕೋಖ್ ಎನ್ನುತ್ತಾರೆ. ಸಾಮಾನ್ಯವಾಗಿ ಎರಡು ಮೀಟರ್ ಆಳ, ಅರ್ಧ ಮೀಟರ್ ಅಗಲ. ಇವು ಯೇಸುವಿನ ಕಾಲದ ಯೆಹೂದಿ ಸಮಾಧಿಗಳೇ. ಪಕ್ಕದಲ್ಲಿರುವುದು ಯೇಸುವಿನದೇ ಸಮಾಧಿ ಎಂದು ಯಾರೂ ಕೈಯಿಟ್ಟು ತೋರಿಸಲಾರರು. ಆದರೆ ಆ ಜಾಗ ಆಗ ಊರ ಗೋಡೆಯ ಹೊರಗಿತ್ತು, ಅಲ್ಲಿ ಜನರನ್ನು ಹೂಣಿಡುತ್ತಿದ್ದರು ಎಂಬುದಕ್ಕೆ ಆ ಗೂಡುಗಳೇ ಸಾಕ್ಷಿ.

ಈಗ ಪದ್ಧತಿಗೆ ಬರುತ್ತೇನೆ. ಯೆರೂಸಲೇಮಿನ ಅನುಕೂಲಸ್ಥ ಮನೆತನಗಳಲ್ಲಿ ಅಂತ್ಯಕ್ರಿಯೆ ಎರಡು ಸಲ ನಡೆಯುತ್ತಿತ್ತು. ಮೊದಲನೆಯದು ಸತ್ತ ದಿನವೇ. ಕಣ್ಣು ಮುಚ್ಚಿ, ಮೈ ತೊಳೆದು, ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಬಂಡೆ ಕೋಣೆಯ ಕಟ್ಟೆಯ ಮೇಲೋ ಗೂಡಿನೊಳಗೋ ಮಲಗಿಸಿ, ಬಾಯಿಗೆ ಕಲ್ಲು ಮುಚ್ಚಿ ಬರುತ್ತಿದ್ದರು. ಆಮೇಲೆ ಕಾಯುವುದು. ಸುಮಾರು ಒಂದು ವರ್ಷ. ಮಾಂಸ ಕರಗಿ ಎಲುಬು ಮಾತ್ರ ಉಳಿದ ಮೇಲೆ ಮಕ್ಕಳು ಮತ್ತೆ ಒಳಗೆ ಹೋಗುತ್ತಿದ್ದರು. ಅಪ್ಪನ ಎಲುಬುಗಳನ್ನು ಒಂದೊಂದಾಗಿ ಆರಿಸಿ ಸುಣ್ಣದ ಕಲ್ಲಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಪೆಟ್ಟಿಗೆಯ ಉದ್ದ ಎಷ್ಟು ಬೇಕು? ತೊಡೆಯ ಎಲುಬು ಹಿಡಿಸುವಷ್ಟು, ಯಾಕೆಂದರೆ ಮೈಯಲ್ಲಿ ಅದೇ ಉದ್ದನೆಯದು. ರಾಜ ಹೆರೋದನ ಆಳ್ವಿಕೆಯ ನಡುವಿನಿಂದ ಕ್ರಿ.ಶ. 70ರಲ್ಲಿ ರೋಮನರು ಯೆಹೂದಿಗಳ ದೇವಾಲಯ ಕೆಡವುವವರೆಗೆ ಯೆರೂಸಲೇಮಿನಲ್ಲಿ ಈ ಕಲ್ಲುಪೆಟ್ಟಿಗೆಗಳು ತುಂಬಾ ಬಳಕೆಯಲ್ಲಿದ್ದವು. ಯೇಸುವಿನ ಇಡೀ ಬದುಕು ಆ ಅವಧಿಯೊಳಗೇ ಬರುತ್ತದೆ.

ಬಡವರಿಗೆ ಬಂಡೆ ಕೊರೆಸುವ ಶಕ್ತಿ ಎಲ್ಲಿಂದ? ಅವರಿಗೆ ಮಣ್ಣಿನ ಗುಂಡಿಯೇ ಗತಿ. ಹಾಗಾಗಿ ಎಲ್ಲ ಯೆಹೂದಿಗಳೂ ಹೀಗೇ ಮಾಡುತ್ತಿದ್ದರು ಎಂದು ಯಾರೂ ಇಲ್ಲಿಂದ ಎದ್ದು ಹೋಗಬೇಡಿ. ಆದರೆ ಸುವಾರ್ತೆಯ ಕಥೆ ನಡೆಯುವುದು ಒಬ್ಬ ಶ್ರೀಮಂತನ ಬಂಡೆ ಸಮಾಧಿಯಲ್ಲಿ.

ಯೆಹೂದಿ ಗುರುಗಳ ಮಾತುಗಳನ್ನು ಕ್ರಿ.ಶ. 200ರ ಹೊತ್ತಿಗೆ ಒಟ್ಟುಮಾಡಿದ ಮಿಷ್ನಾ ಎಂಬ ಸಂಗ್ರಹವಿದೆ. ಸುವಾರ್ತೆಗಳಿಗಿಂತ ಈಚಿನದು, ಆದರೂ ಹಳೆಯ ಪದ್ಧತಿಗಳನ್ನು ಕಾಪಾಡಿಕೊಂಡಿದೆ. ಅದರಲ್ಲಿ ಒಂದು ಚರ್ಚೆ ಬರುತ್ತದೆ. ಹಬ್ಬದ ನಡುವಿನ ದಿನಗಳಲ್ಲಿ ಅಪ್ಪ ಅಮ್ಮನ ಎಲುಬು ಆರಿಸಬಹುದಾ? ರಬ್ಬಿ ಮೇಯಿರ್ ಎಂಬವರು, ಆರಿಸಬಹುದು, ಅದು ಅವನಿಗೆ ಸಂತೋಷದ ದಿನ ಎನ್ನುತ್ತಾರೆ. ರಬ್ಬಿ ಯೋಸೆ ಎಂಬವರು, ಇಲ್ಲ, ಅದು ದುಃಖದ ದಿನ ಎನ್ನುತ್ತಾರೆ. ನನಗೆ ಇಬ್ಬರ ಮಾತೂ ನಿಜ ಅನಿಸುತ್ತದೆ. ಅಮ್ಮನ ಎಲುಬು ಕೈಗೆ ತಗೊಳ್ಳುವಾಗ ಕರುಳು ಹಿಂಡದೇ ಇರುತ್ತಾ? ಆದರೆ ಪೆಟ್ಟಿಗೆಯ ಮುಚ್ಚಳ ಹಾಕಿದ ಮೇಲೆ, ಅಮ್ಮನನ್ನು ಕೊನೆಗೂ ಹಿರಿಯರ ಜೊತೆ ಸೇರಿಸಿದೆ, ನನ್ನ ಕರ್ತವ್ಯ ಮುಗಿಯಿತು ಎಂಬ ಸಮಾಧಾನ. ಹಳೆಯ ಒಡಂಬಡಿಕೆಯಲ್ಲಿ ಅಬ್ರಹಾಮನು ತನ್ನ ಪಿತೃಗಳ ಬಳಿ ಸೇರಿದನು ಎಂಬಂಥ ಮಾತು ಮತ್ತೆ ಮತ್ತೆ ಬರುತ್ತದಲ್ಲ, ಇಂಥ ಕುಟುಂಬ ಸಮಾಧಿಯ ಮುಂದೆ ನಿಂತು ಓದಿದರೆ ಅದು ಬರೀ ಅಲಂಕಾರದ ಮಾತಾಗಿ ಕೇಳುವುದಿಲ್ಲ.

ಅಬ್ರಹಾಮನ ಹೆಸರು ಬಂತು, ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ದೇವರು ಮಾತು ಕೊಟ್ಟ ದೇಶದಲ್ಲಿ ಅವನು ದುಡ್ಡು ಕೊಟ್ಟು ಪಡೆದ ಮೊದಲ ನೆಲ ಯಾವುದು? ಹೆಂಡತಿ ಸಾರಳನ್ನು ಹೂಣಿಡಲು ಕೊಂಡ ಮಕ್ಪೇಲದ ಗವಿ. ಒಡೆಯ ಎಫ್ರೋನನು ಮೊದಲು ಸುಮ್ನೆ ತಗೋ ಎಂದ, ಆಮೇಲೆ 400 ಶೆಕೆಲ್ ಬೆಳ್ಳಿ ಎಂದ. ಅಬ್ರಹಾಮನು ಒಂದು ಮಾತೂ ಎದುರಾಡದೆ ತೂಗಿ ಕೊಟ್ಟ. ಆದಿಕಾಂಡ 23ನೇ ಅಧ್ಯಾಯ ಪೂರ್ತಿ ಈ ವ್ಯಾಪಾರದ್ದೇ. ಹೆಂಡತಿ ಮಲಗುವ ಜಾಗ ಯಾರ ಹಂಗಿನದೂ ಆಗಬಾರದು ಎಂದು ಅವನು ಹಿಡಿದ ಹಟ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

1990ರ ನವೆಂಬರ್‌ನಲ್ಲಿ ಯೆರೂಸಲೇಮಿನ ದಕ್ಷಿಣಕ್ಕೆ ಕೆಲಸಗಾರರು ನೆಲ ಅಗೆಯುವಾಗ ಒಂದು ಸಮಾಧಿಯ ಚಾವಣಿ ಕುಸಿಯಿತು. ಒಳಗೆ 12 ಎಲುಬಿನ ಪೆಟ್ಟಿಗೆಗಳಿದ್ದವು. ಅದರಲ್ಲಿ ಒಂದರ ಮೇಲೆ ತುಂಬಾ ಚೆಂದದ ಹೂವಿನ ಕೆತ್ತನೆ. ಪಕ್ಕದಲ್ಲಿ ಮೊಳೆಯಿಂದಲೋ ಏನೋ ಗೀಚಿದ ಒಡ್ಡೊಡ್ಡಾದ ಅಕ್ಷರಗಳು, "ಯೆಹೋಸೇಫ್ ಬರ್ ಕಾಯಫ", ಅಂದರೆ ಕಾಯಫ ಮನೆತನದ ಯೋಸೇಫ. ಯೇಸುವನ್ನು ವಿಚಾರಣೆ ಮಾಡಿದ ಮಹಾಯಾಜಕ ಕಾಯಫನದೇ ಇದು ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಪೆಟ್ಟಿಗೆಯೊಳಗೆ ಇದ್ದದ್ದು ಒಬ್ಬರ ಎಲುಬಲ್ಲ, ಆರು ಜನರದು. ಅರವತ್ತರ ಆಸುಪಾಸಿನ ಒಬ್ಬ ಗಂಡಸು, ಒಬ್ಬ ಹೆಂಗಸು, ಒಬ್ಬ ಹದಿಹರೆಯದ ಹುಡುಗ, ಒಂದು ಪುಟ್ಟ ಮಗು, ಎರಡು ಹಸುಗೂಸುಗಳು. ಚಿಕ್ಕಂದಿನಿಂದ ನಾಟಕಗಳಲ್ಲಿ ಕಾಯಫನನ್ನು ಕೆಂಗಣ್ಣಿನ ಖಳನಾಗಿ ನೋಡಿದವನು ನಾನು. ಆ ಹಸುಗೂಸುಗಳ ವಿಷಯ ಓದಿದ ದಿನ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕೂತೆ. ಆ ಮನೆಯಲ್ಲೂ ಯಾರೋ ಅತ್ತಿದ್ದರು.

ಇಷ್ಟು ತಿಳಿದ ಮೇಲೆ ಕೆಲವು ವಚನಗಳನ್ನು ತೆರೆಯೋಣ.

ಮತ್ತಾಯ 23ರಲ್ಲಿ ಯೇಸು ಶಾಸ್ತ್ರಿಗಳನ್ನೂ ಫರಿಸಾಯರೆಂಬ ಮಡಿವಂತ ಪಂಗಡದವರನ್ನೂ ಸುಣ್ಣ ಬಳಿದ ಸಮಾಧಿಗಳಿಗೆ ಹೋಲಿಸುತ್ತಾನೆ. ಹೊರಗೆ ಚೆಂದ, ಒಳಗೆ ಎಲುಬು. ಆದರೆ ಸಮಾಧಿಗೆ ಸುಣ್ಣ ಬಳಿಯುತ್ತಿದ್ದದ್ದು ಚೆಂದಕ್ಕಾ? ಅರಣ್ಯಕಾಂಡ 19ರ ಪ್ರಕಾರ ಸಮಾಧಿ ಮುಟ್ಟಿದರೆ ಏಳು ದಿನ ಮೈಲಿಗೆ. ಯೆಹೂದಿಗಳ ಪಸ್ಕಹಬ್ಬಕ್ಕೆ ಯೆರೂಸಲೇಮಿಗೆ ದೂರದಿಂದ ನಡೆದು ಬರುವ ಯಾತ್ರಿಕ ಗೊತ್ತಿಲ್ಲದೆ ಒಂದು ಸಮಾಧಿ ತುಳಿದರೆ ಅವನ ಹಬ್ಬವೇ ಹೋಯಿತು. ಅದಕ್ಕೆ ಅದಾರ್ ತಿಂಗಳ 15ನೇ ದಿನ, ಅಂದರೆ ಹಬ್ಬಕ್ಕೆ ಸುಮಾರು ಒಂದು ತಿಂಗಳು ಮುಂಚೆ, ದಾರಿಗಳನ್ನು ರಿಪೇರಿ ಮಾಡಿ ಸಮಾಧಿಗಳಿಗೆ ಗುರುತು ಹಾಕುತ್ತಿದ್ದರು ಎಂದು ಮಿಷ್ನಾ ಹೇಳುತ್ತದೆ. ಸುಣ್ಣ ಅಂದರೆ "ದೂರ ಇರಿ" ಎಂಬ ಎಚ್ಚರಿಕೆ. ಯೇಸು ಈ ಮಾತು ಆಡಿದ್ದು ಪಸ್ಕಕ್ಕೆ ಕೆಲವೇ ದಿನ ಇರುವಾಗ. ಸುಣ್ಣ ಇನ್ನೂ ಹೊಸದಾಗಿ ಬೆಳ್ಳಗೆ ಹೊಳೆಯುತ್ತಿದ್ದಿರಬೇಕು. ಕೇಳಿದವರು ತಲೆ ಎತ್ತಿದರೆ ಗುಡ್ಡದ ಮೇಲೆ ಅವೇ ಕಾಣುತ್ತಿದ್ದವು. ಆ ಮಾತು ಎಷ್ಟು ಹರಿತವಾಗಿ ತಾಗಿರಬೇಕು ನೋಡಿ. ಜನ ನಿಮ್ಮನ್ನು ಶುದ್ಧರು ಎಂದುಕೊಂಡು ಹತ್ತಿರ ಬರುತ್ತಾರೆ, ನಿಮ್ಮನ್ನು ಮುಟ್ಟಿಯೇ ಮೈಲಿಗೆಯಾಗುತ್ತಾರೆ.

ಇನ್ನು ಲಾಜರ, ಯೇಸು ಸಮಾಧಿಯಿಂದ ಎಬ್ಬಿಸಿದವನು. ಯೇಸು ಬರುವ ಹೊತ್ತಿಗೆ ಅವನು ಸತ್ತು ನಾಲ್ಕು ದಿನವಾಗಿತ್ತು ಎಂದು ಯೋಹಾನನು ಎರಡು ಸಲ ಹೇಳುತ್ತಾನೆ. ಯಾಕೆ ನಾಲ್ಕು? ಸತ್ತವನ ಗುರುತು ಹೇಳಬೇಕಾದರೆ ಮುಖ, ಮೂಗು ನೋಡಿ ಹೇಳಬೇಕು, ಅದೂ ಮೂರು ದಿನದ ಒಳಗೆ ಎಂದು ಮಿಷ್ನಾದಲ್ಲಿ ನಿಯಮವಿದೆ. ಆಮೇಲೆ ಮುಖ ಬದಲಾಗಿಬಿಡುತ್ತದೆ. ಪ್ರಾಣವು ಮೂರು ದಿನ ಶರೀರದ ಸುತ್ತ ಸುಳಿಯುತ್ತಿದ್ದು, ಮುಖ ಬದಲಾದದ್ದನ್ನು ನೋಡಿ ಹೊರಟುಹೋಗುತ್ತದೆ ಎಂದು ಇನ್ನೂ ಈಚಿನ ಯೆಹೂದಿ ಬರಹಗಳಲ್ಲಿ ಇದೆ. ನಾಲ್ಕನೇ ದಿನ ಅಂದರೆ ಆಸೆ ಬಿಟ್ಟ ದಿನ. ಅವನ ಸಹೋದರಿ ಮಾರ್ಥಳು "ಕರ್ತನೇ, ಈಗ ನಾತ ಬರುತ್ತದೆ" ಎನ್ನುವಾಗ ಮನೆ ನಡೆಸುವ ಹೆಂಗಸು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಾಳೆ. ಅವಳನ್ನು ಅಪನಂಬಿಕೆಯವಳು ಎಂದು ಬೈಯುವ ಪ್ರಸಂಗಗಳನ್ನು ಕೇಳಿದಾಗ ನನಗೆ ಬೇಸರವಾಗುತ್ತದೆ. ಅವಳು ಹೇಳಿದ್ದರಲ್ಲಿ ತಪ್ಪೇನಿದೆ?

ಮಗಳನ್ನು ಕಳೆದುಕೊಂಡ ಯಾಯೀರನ ಮನೆಯಲ್ಲಿ ಕೊಳಲೂದುವವರು ಇದ್ದರು ಎಂದು ಮತ್ತಾಯ ಹೇಳುತ್ತಾನೆ. ಎಷ್ಟೇ ಬಡವನಾದರೂ ಹೆಂಡತಿ ಸತ್ತರೆ ಎರಡು ಕೊಳಲು, ಅಳಲು ಒಬ್ಬ ಹೆಂಗಸು, ಇಷ್ಟಾದರೂ ಗೊತ್ತುಮಾಡಬೇಕು ಎಂಬುದು ರಬ್ಬಿ ಯೆಹೂದ ಎಂಬ ಗುರುವಿನ ಮಾತು. ಮಗುವಿನ ಉಸಿರು ನಿಂತ ಸ್ವಲ್ಪ ಹೊತ್ತಿಗೇ ಕೊಳಲಿನವರು ಬಂದಾಗಿತ್ತು. ಎಲ್ಲವೂ ಅಷ್ಟು ಬೇಗ.

ಈ ಬೇಗ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಕಷ್ಟದ ವಚನಕ್ಕೆ ಬರೋಣ. ಯೇಸುವಿನ ಹಿಂದೆ ಹೊರಡಬೇಕಾದ ಒಬ್ಬನು, "ಮೊದಲು ಹೋಗಿ ತಂದೆಯನ್ನು ಹೂಣಿಟ್ಟು ಬರುತ್ತೇನೆ" ಎನ್ನುತ್ತಾನೆ. ಯೇಸು, "ಸತ್ತವರೇ ತಮ್ಮವರಲ್ಲಿ ಸತ್ತವರನ್ನು ಹೂಣಿಡಲಿ" ಎನ್ನುತ್ತಾನೆ. ಅವತ್ತೇ ತಂದೆ ಸತ್ತಿದ್ದರೆ ಈ ಮಗ ದಾರಿಯಲ್ಲಿ ನಿಂತು ಮಾತಾಡುತ್ತಿರಲಿಲ್ಲ, ಹೆಣದ ಪಕ್ಕ ಇರುತ್ತಿದ್ದ. ಹಾಗಾದರೆ ಮೊದಲ ಹೂಳುವಿಕೆ ಮುಗಿದಿದೆ, ಎಲುಬು ಆರಿಸುವ ದಿನಕ್ಕೆ ಕಾಯುತ್ತಿದ್ದಾನೆ ಎಂದು ಕೆಲವು ವಿದ್ವಾಂಸರು ಅರ್ಥ ಮಾಡುತ್ತಾರೆ. ಆಗ "ಸತ್ತವರು" ಅಂದರೆ ಸಮಾಧಿಯೊಳಗೆ ಆಗಲೇ ಇರುವ ಹಿರಿಯರ ಎಲುಬುಗಳು. ಚೆನ್ನಾಗಿ ಹೊಂದುತ್ತದೆ ನಿಜ. ಆದರೆ ಕಲ್ಲುಪೆಟ್ಟಿಗೆಯ ಪದ್ಧತಿ ಯೇಸುವಿನ ನಾಡಾದ ಉತ್ತರದ ಗಲಿಲಾಯದಲ್ಲಿ ಹರಡಿದ್ದು ಹೆಚ್ಚಾಗಿ ಕ್ರಿ.ಶ. 70ರ ಮೇಲೆ. ಅದಕ್ಕೇ ನಾನು ಇದನ್ನು ಒತ್ತಿ ಹೇಳುವುದಿಲ್ಲ. ಇನ್ನೊಂದು ಮಾತು. ಈ ವಿವರಣೆ ಒಪ್ಪಿದರೂ ಆ ಮಾತಿನ ಕಾಠಿಣ್ಯ ಕಡಿಮೆಯಾಗುವುದಿಲ್ಲ. ಎಲುಬು ಆರಿಸುವುದು ಮಗ ಮಾಡುವ ಕೊನೆಯ ಸೇವೆ. ಅದನ್ನೂ ಬಿಟ್ಟು ಬಾ ಎಂದ ಹಾಗಾಯಿತು. ಮೆತ್ತಗೆ ಮಾಡಲು ಹೋಗಬಾರದು.

ಈಗ ಯೇಸುವನ್ನು ಶಿಲುಬೆಗೆ ಹಾಕಿದ ಶುಕ್ರವಾರಕ್ಕೆ ಬರುತ್ತೇನೆ.

ಮರಕ್ಕೆ ತೂಗುಹಾಕಿದವನ ಹೆಣ ರಾತ್ರಿಯೆಲ್ಲ ಅಲ್ಲೇ ಇರಬಾರದು, ಅದೇ ದಿನ ಹೂಣಿಡಬೇಕು ಎಂದು ಧರ್ಮೋಪದೇಶಕಾಂಡ 21 ಹೇಳುತ್ತದೆ. ರೋಮನರು ಸಾಮಾನ್ಯವಾಗಿ ಹೆಣಗಳನ್ನು ಶಿಲುಬೆಯ ಮೇಲೇ ಬಿಡುತ್ತಿದ್ದರು, ನಾಯಿ ನರಿ ಹದ್ದುಗಳ ಪಾಲಿಗೆ. ಆದರೆ ಯೆಹೂದಿಗಳು ಶಿಲುಬೆಗೆ ಹಾಕಿದವರನ್ನು ಕೂಡ ಸೂರ್ಯ ಮುಳುಗುವ ಮುಂಚೆ ಇಳಿಸಿ ಹೂಣಿಡುತ್ತಾರೆ ಎಂದು ಅದೇ ಶತಮಾನದ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಹಾಗಾಗಿ ಆಗಲೇ ಹೇಳಿದ ಆ ಶ್ರೀಮಂತ, ಅರಿಮಥಾಯದ ಯೋಸೇಫನು ರೋಮನ್ ಅಧಿಪತಿ ಪಿಲಾತನ ಹತ್ತಿರ ಹೋಗಿ ಯೇಸುವಿನ ಹೆಣ ಕೇಳಿದ್ದು ನಂಬಲಾಗದ ವಿಷಯವೇನಲ್ಲ. ಯೆಹೂದಿಗಳ ಹಿರೀಸಭೆಯ ಸದಸ್ಯನಾದ ಅವನಿಗೆ ಧರ್ಮಶಾಸ್ತ್ರದ ಮಾತು ನಡೆಸುವ ಹೊಣೆ ಇತ್ತು.

ಇದಕ್ಕೆ ಮಣ್ಣಿನೊಳಗಿಂದಲೂ ಒಂದು ಸಾಕ್ಷಿ ಸಿಕ್ಕಿದೆ. 1968ರಲ್ಲಿ ಯೆರೂಸಲೇಮಿನ ಉತ್ತರಕ್ಕೆ ಗಿವತ್ ಹಮಿವ್ತಾರ್ ಎಂಬಲ್ಲಿ ಒಂದು ಕುಟುಂಬ ಸಮಾಧಿ ಸಿಕ್ಕಿತು. ಒಂದು ಪೆಟ್ಟಿಗೆಯ ಮೇಲೆ ಯೆಹೋಹಾನಾನ್ ಎಂಬ ಹೆಸರು. ಒಳಗೆ ಇಪ್ಪತ್ತರ ಹರೆಯದ ಒಬ್ಬ ಗಂಡಸಿನ ಎಲುಬುಗಳು. ಬಲಗಾಲಿನ ಹಿಮ್ಮಡಿಯ ಎಲುಬಿಗೆ ಅಡ್ಡಲಾಗಿ ಒಂದು ಕಬ್ಬಿಣದ ಮೊಳೆ, 11.5 ಸೆಂಟಿಮೀಟರ್ ಉದ್ದ. ಮೊಳೆಯ ತುದಿ ಮಡಚಿಕೊಂಡಿದೆ. ಬಹುಶಃ ಶಿಲುಬೆಯ ಮರದ ಗಂಟಿಗೆ ತಾಗಿ ಬಾಗಿರಬೇಕು. ಹೆಣ ಇಳಿಸುವಾಗ ಎಳೆದರೂ ಅದು ಬರಲಿಲ್ಲ. ಹಾಗೇ ಮೊಳೆ ಸಮೇತ ಮನೆಗೆ ತಂದರು, ಹೂಣಿಟ್ಟರು. ಸ್ವಲ್ಪ ಕಾಲದ ಮೇಲೆ ಯಾರೋ ಬಂದು ಎಲುಬು ಆರಿಸಿದರು. ತಮ್ಮನೋ, ಮಗನೋ, ಯಾರೋ. ಆ ಹಿಮ್ಮಡಿ ಕೈಗೆ ಬಂದಾಗ ಅವರಿಗೆ ಹೇಗಾಗಿರಬೇಡ? ಮೊಳೆಯನ್ನು ಕೀಳದೆ ಹಾಗೆಯೇ ಪೆಟ್ಟಿಗೆಯಲ್ಲಿ ಇಟ್ಟರು. ಆ ತುದಿ ಬಾಗದೇ ಇದ್ದಿದ್ದರೆ ಆತ ಹೇಗೆ ಸತ್ತ ಎಂದು ನಮಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಶಿಲುಬೆಗೆ ಹಾಕಿದವನಿಗೂ ಮನೆಯವರ ಸಮಾಧಿಯಲ್ಲಿ ಜಾಗ ಸಿಗುತ್ತಿತ್ತು ಎಂಬುದಕ್ಕೆ ಆ ಒಂದು ಎಲುಬು ಸಾಕು.

ಮರಣದಂಡನೆಯಾದವರನ್ನು ಮೊದಲು ಹಿರಿಯರ ಸಮಾಧಿಯಲ್ಲಿ ಇಡುವುದಿಲ್ಲ, ಬೇರೆ ಜಾಗದಲ್ಲಿ ಇಟ್ಟು, ಮಾಂಸ ಕರಗಿದ ಮೇಲೆ ಎಲುಬನ್ನು ಸ್ವಂತ ಜಾಗಕ್ಕೆ ಸೇರಿಸುತ್ತಾರೆ ಎಂದೂ ಮಿಷ್ನಾದಲ್ಲಿದೆ. ಇದನ್ನು ಓದಿದ ಮೇಲೆ ಸುವಾರ್ತೆಯ ಒಂದು ಸಣ್ಣ ವಿವರ ನನಗೆ ಬೇರೆಯಾಗಿ ಕಾಣತೊಡಗಿತು. ಅದುವರೆಗೆ ಯಾರನ್ನೂ ಇಡದ ಹೊಸ ಸಮಾಧಿ ಎಂದು ಹೇಳುತ್ತಾರಲ್ಲ, ಅದು ಗೌರವದ ಮಾತು ಎಂದಷ್ಟೇ ತಿಳಿದಿದ್ದೆ. ಆ ಸಂಜೆ ಹೊತ್ತಾಗಿತ್ತು, ಯಾರ ಹಿರಿಯರ ಜೊತೆಗೂ ಇಡುವ ಹಾಗಿರಲಿಲ್ಲ. ಖಾಲಿ ಸಮಾಧಿಯೇ ಬೇಕಿತ್ತು. ಯೋಸೇಫನ ಹತ್ತಿರ ಅದು ಇತ್ತು.

ಹಿರೀಸಭೆಯ ಇನ್ನೊಬ್ಬ ಸದಸ್ಯ ನಿಕೊದೇಮನು ರಕ್ತಬೋಳ, ಅಗರು ಎಂಬ ಸುಗಂಧದ್ರವ್ಯ ತಂದ. ನೂರು ರೋಮನ್ ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 33 ಕಿಲೋ. ಒಂದು ದೊಡ್ಡ ಅಕ್ಕಿ ಮೂಟೆಯಷ್ಟು. ಇದು ಈಜಿಪ್ಟಿನವರ ಹಾಗೆ ಹೊಟ್ಟೆ ಸೀಳಿ ಹೆಣ ಕೆಡದಂತೆ ಇಡುವ ಕೆಲಸವಲ್ಲ. ಯೆಹೂದಿಗಳು ಶರೀರ ಕರಗುವುದನ್ನು ತಡೆಯುತ್ತಿರಲಿಲ್ಲ, ಅದು ಕರಗಲೇಬೇಕು. ಸುಗಂಧ ಇರುವುದು ನಾತಕ್ಕೆ, ಮರ್ಯಾದೆಗೆ. ಅಷ್ಟು ಜಾಸ್ತಿ ಅಂದರೆ ರಾಜನಿಗೆ ಮಾಡುವ ಮರ್ಯಾದೆ.

ಸಮಾಧಿಯ ಆಕಾರದ ಬಗ್ಗೆ ಒಂದು ಮಾತು. ಯೇಸುವನ್ನು ಮಲಗಿಸಿದ್ದ ಜಾಗದಲ್ಲಿ ತಲೆಯ ಕಡೆ ಒಬ್ಬ, ಕಾಲಿನ ಕಡೆ ಒಬ್ಬ ದೇವದೂತ ಕೂತಿದ್ದನ್ನು ಯೇಸುವಿನ ಶಿಷ್ಯೆ ಮಗ್ದಲದ ಮರಿಯಳು ಕಂಡಳು ಎಂದು ಯೋಹಾನ 20ರಲ್ಲಿದೆ. ನಾನು ನೋಡಿದಂಥ ಗೂಡಿನಲ್ಲಿ ಅದು ಆಗುವುದಿಲ್ಲ. ಹಾಗಾಗಿ ಇದು ಗೋಡೆಗೆ ಸೇರಿದ ಕಟ್ಟೆ ಇರುವ ಸಮಾಧಿ. ಬಾಗಿಲು ತಗ್ಗು, ಬಗ್ಗಿ ನೋಡಬೇಕು. ಇನ್ನು ಗುಂಡು ಕಲ್ಲು? ಯೆರೂಸಲೇಮಿನ ಸುತ್ತ ಪರಿಶೀಲಿಸಿದ ಈ ಕಾಲದ 900ಕ್ಕೂ ಹೆಚ್ಚು ಸಮಾಧಿಗಳಲ್ಲಿ ಚಕ್ರದಂಥ ಕಲ್ಲು ಇದ್ದದ್ದು ನಾಲ್ಕಕ್ಕೆ ಮಾತ್ರ, ಅವೂ ರಾಜಮನೆತನದಂಥ ದೊಡ್ಡವರದು. ಉಳಿದವಕ್ಕೆ ಬಿರಡೆಯ ಹಾಗೆ ಕೂರುವ ಚೌಕ ಕಲ್ಲು. ನಮ್ಮ ಹುಡುಗಿ ಚೌಕ ಕಲ್ಲು ಬರೆದರೂ ನಾನು ಮಾರ್ಕ್ಸ್ ಕಡಿಮೆ ಮಾಡುವುದಿಲ್ಲ.

ನನ್ನ ಮನಸ್ಸನ್ನು ಹಿಡಿದಿರುವುದು ಯೇಸುವಿನ ಜೊತೆ ಬಂದಿದ್ದ ಆ ಹೆಂಗಸರು. ಸೂರ್ಯ ಮುಳುಗುತ್ತಿದೆ, ಕೆಲಸ ಮಾಡಬಾರದ ವಿಶ್ರಾಂತಿಯ ದಿನ ಸಬ್ಬತ್ ಶುರುವಾಗುತ್ತಿದೆ. ಅವರು ಎದುರಿಗೆ ಕೂತು ಎಲ್ಲಿ ಇಟ್ಟರು, ಹೇಗೆ ಇಟ್ಟರು ಎಂದು ನೋಡಿಕೊಂಡರು. ಗಂಡಸರು ಅವಸರದಲ್ಲಿ ಮಾಡಿದ ಕೆಲಸ ಸರಿಯಾಗಿ ಮುಗಿದಿಲ್ಲ ಎಂದು ಅವರಿಗೆ ಅನಿಸಿರಬೇಕು. ಲೂಕನ ಪ್ರಕಾರ ಮನೆಗೆ ಹೋಗಿ ಸುಗಂಧ ಸಿದ್ಧಮಾಡಿದರು, ಸಬ್ಬತ್ ದಿನ ಸುಮ್ಮನಿದ್ದರು. ಮಾರ್ಕನ ಪ್ರಕಾರ ಸಬ್ಬತ್ ಕಳೆದ ಮೇಲೆ ಕೊಂಡರು. ಏನೇ ಇರಲಿ, ಭಾನುವಾರ ಬೆಳಗ್ಗೆ ಅವರು ಹೊರಟದ್ದು ಪುನರುತ್ಥಾನ ನೋಡಲು ಅಲ್ಲ. ಅರ್ಧಕ್ಕೆ ನಿಂತ ಅಂತ್ಯಕ್ರಿಯೆ ಮುಗಿಸಲು. ಅವರ ಲೆಕ್ಕದಲ್ಲಿ ಇನ್ನೂ ಎರಡು ಕೆಲಸ ಬಾಕಿ ಇದ್ದವು. ಇವತ್ತು ಸುಗಂಧ ಹಚ್ಚುವುದು. ಒಂದು ವರ್ಷದ ಮೇಲೆ, ತಾಯಿಯೋ ತಮ್ಮಂದಿರೋ ಬಂದು ಎಲುಬು ಆರಿಸುವುದು. ಖಾಲಿ ಸಮಾಧಿ ಅಂದರೆ ನಾವು ಆ ಭಾನುವಾರದ ಬೆಳಗ್ಗೆಯನ್ನು ಮಾತ್ರ ನೆನೆಯುತ್ತೇವೆ. ಆ ಹೆಂಗಸರ ಕಡೆಯಿಂದ ನೋಡಿ. ಮುಂದಿನ ವರ್ಷ ಆರಿಸಲು ಏನೂ ಇಲ್ಲ. ಪೆಟ್ಟಿಗೆ ಕೊರೆಸಬೇಕಾಗಿಲ್ಲ. ಹೆಸರು ಗೀಚಬೇಕಾಗಿಲ್ಲ. ಬದುಕೆಲ್ಲ ಕಲಿತ ಒಂದು ಸೇವೆಗೆ ಇಲ್ಲಿ ಕೆಲಸವೇ ಇಲ್ಲ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಕೈ ಎತ್ತಿದರು. "ಹಾಗಾದರೆ ಆ ಹೆಂಗಸರು ತಂದ ಸುಗಂಧ ಏನಾಯಿತು ಮಗಾ?" ಎಂದು ಕೇಳಿದರು.

ಮನೆಗೆ ಬಂದು ಮತ್ತೆ ಓದಿದೆ, ಅಜ್ಜಿ. ಮಾರ್ಕನಲ್ಲಿ ಅವರು ನಡುಗುತ್ತಾ ಸಮಾಧಿಯಿಂದ ಓಡಿಹೋಗುತ್ತಾರೆ. ಲೂಕನಲ್ಲಿ ಹಿಂದಿರುಗಿ ಹೋಗಿ ಶಿಷ್ಯರಿಗೆ ಸುದ್ದಿ ಹೇಳುತ್ತಾರೆ. ಅವರು ಅಷ್ಟು ಜತನದಿಂದ ಹೊತ್ತು ತಂದದ್ದರ ಮಾತು ಎರಡು ಕಡೆಯಲ್ಲೂ ಮತ್ತೆ ಬರುವುದಿಲ್ಲ.